ಇಷ್ಟು ಜೋರು ಹಾಡಿನಲ್ಲಿ ಭಕ್ತಿ ಇರುತ್ತದಾ? ಸ್ಟ್ರೈಪರ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಅಮೆರಿಕದ ಕ್ರೈಸ್ತ ಹಾರ್ಡ್ ರಾಕ್ ಬ್ಯಾಂಡ್ ಸ್ಟ್ರೈಪರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಅವರ 'ವೆನ್ ವಿ ವರ್ ಕಿಂಗ್ಸ್' ಆಲ್ಬಂ ಕೇಳಿ ನೋಡಿ ಅಂದಿದ್ದೆ, ಅಷ್ಟೇ. ಅದಕ್ಕೆ ಕಾಸರಗೋಡು ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಈ ಸಲದ ಪುಟ ಪೂರ್ತಿ ಅವಕ್ಕೇ.

ನನ್ನ ಮಗ ಮಂಗಳೂರಿನಲ್ಲಿ ಓದುತ್ತಿದ್ದಾನೆ. ಶನಿವಾರ ಮನೆಗೆ ಬಂದರೆ ಬಾಗಿಲು ಹಾಕಿಕೊಂಡು ಇದೇ ಬ್ಯಾಂಡು. ಕೇಳಿದರೆ ಇದೂ ದೇವರ ಹಾಡೇ ಅಮ್ಮ ಅನ್ನುತ್ತಾನೆ. ನಾವು ಇಗರ್ಜಿಯಲ್ಲಿ (ಚರ್ಚಿನಲ್ಲಿ) ಹಾರ್ಮೋನಿಯಂ ಕೇಳಿ ಬೆಳೆದವರು. ಇಷ್ಟು ಕಿರುಚಿದರೆ ಭಕ್ತಿ ಎಲ್ಲಿ ಉಳಿಯುತ್ತದೆ? (ಬೇಳದಿಂದ ಒಬ್ಬ ತಾಯಿ)

ಅಕ್ಕಾ, ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಅದು ದೇವರ ಹಾಡೇ.

ನಿಮ್ಮ ಮನೆಯಿಂದ ಕುಂಬಳೆ ಎಷ್ಟು ದೂರ ಹೇಳಿ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನ ಊರು ಅದು. ಗದ್ದೆಯಲ್ಲಿ ಆಟ ಇದ್ದರೆ ಚೆಂಡೆಯ ಸದ್ದು ಎರಡು ಗುಡ್ಡ ದಾಟಿ ಬರುತ್ತದೆ. ಹತ್ತಿರ ನಿಂತರೆ ಎದೆಗೂಡೇ ನಡುಗುತ್ತದೆ. ಅದನ್ನು ಕೇಳಿ ಯಾರಾದರೂ ಇದರಲ್ಲಿ ಭಕ್ತಿ ಇಲ್ಲ ಅಂದಿದ್ದಾರಾ? ಭೂತಕೋಲದ ರಾತ್ರಿಯೂ ಹಾಗೇ, ತೆಯ್ಯಂ ಕಟ್ಟುವಾಗಲೂ ಹಾಗೇ. ಸದ್ದು ಏರುತ್ತಾ ಹೋದ ಹಾಗೆ ಜನ ಕೈ ಮುಗಿಯುತ್ತಾರೆ. ನಮ್ಮ ಸೀಮೆಯಲ್ಲಿ ಭಕ್ತಿ ಮೆಲ್ಲನೆ ಮಾತ್ರ ಮಾತಾಡಿದ್ದು ಯಾವತ್ತೂ ಇಲ್ಲ.

ಇನ್ನೊಂದು ವಿಷಯ ನೋಡಿ. ಆಟದಲ್ಲಿ ಎಲ್ಲ ಪದ್ಯಕ್ಕೂ ಚೆಂಡೆ ಬೀಳುವುದಿಲ್ಲ. ದುಃಖದ ಪದ್ಯ ಬಂದರೆ ಚೆಂಡೆ ಸುಮ್ಮನಾಗುತ್ತದೆ, ಮದ್ದಳೆ ಮಾತ್ರ ಭಾಗವತರ ಜೊತೆ ಹೋಗುತ್ತದೆ. ಯುದ್ಧ ಬಂದಾಗ ಚೆಂಡೆ. ಸ್ಟ್ರೈಪರ್ ಕೂಡ ಸೈತಾನನ ವಿರುದ್ಧ ಹಾಡುವಾಗ ಚೆಂಡೆ ಬಾರಿಸುತ್ತಾರೆ ಅಂದುಕೊಳ್ಳಿ. ಮೆಲು ಹಾಡುಗಳೂ ಅವರಲ್ಲಿವೆ. 1986ರ ಆಲ್ಬಂನಲ್ಲಿದ್ದ 'ಆನೆಸ್ಟ್ಲಿ' ಅಂಥ ಹಾಡು, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಹೋಗಿತ್ತು.

ಒಂದು ಕೆಲಸ ಮಾಡಿ. ಮುಂದಿನ ಶನಿವಾರ ಮಗನ ಹತ್ತಿರ ಕುಳಿತುಕೊಳ್ಳಿ. 'ವೆನ್ ವಿ ವರ್ ಕಿಂಗ್ಸ್' ಆಲ್ಬಂನಲ್ಲಿ 'ಗ್ರೇಟ್‌ಫುಲ್' ಅಂತ ಒಂದು ಹಾಡಿದೆ. ಹೆಸರಿನ ಅರ್ಥವೇ ಕೃತಜ್ಞತೆ. ಹಾಡು ಹಾಕುವ ಮೊದಲು ಅದರ ಸಾಲುಗಳನ್ನು ಕೊಂಕಣಿಯಲ್ಲೋ ಕನ್ನಡದಲ್ಲೋ ಹೇಳು ಅನ್ನಿ. ಅವನು ಅರ್ಥ ಹೇಳುವಾಗ ಅವನ ಮುಖ ನೋಡಿ. ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಅವನೇ ಉತ್ತರ ಕೊಡುತ್ತಾನೆ.

ಅವರ ಬಟ್ಟೆಯ ಮೇಲೆ ಹಳದಿ ಕಪ್ಪು ಪಟ್ಟೆ ಯಾಕೆ? ಹೆಸರಿಗೂ ಅದಕ್ಕೂ ಸಂಬಂಧ ಇದೆಯಾ? (ಉಪ್ಪಳ)

ಇದೆ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಮೈಕಲ್ ಸ್ವೀಟ್, ರಾಬರ್ಟ್ ಸ್ವೀಟ್ ಅನ್ನುವ ಅಣ್ಣತಮ್ಮಂದಿರು ಕಟ್ಟಿದ ಬ್ಯಾಂಡಿದು. ಮೊದಲು 'ರಾಕ್ಸ್ ರೆಜೀಮ್' ಅಂತ ಹೆಸರಿತ್ತು. 1983ರಲ್ಲಿ ದೇವರಿಗಾಗಿ ಮಾತ್ರ ಹಾಡುವುದು ಅಂತ ತೀರ್ಮಾನ ಮಾಡಿ 'ಸ್ಟ್ರೈಪರ್' ಅಂತ ಹೆಸರು ಬದಲಿಸಿದರು. ಯೆಶಾಯನ ಗ್ರಂಥ 53ನೇ ಅಧ್ಯಾಯ 5ನೇ ವಚನ ತೆಗೆದು ನೋಡಿ. ಇಂಗ್ಲಿಷ್ ಬೈಬಲಿನಲ್ಲಿ 'ಸ್ಟ್ರೈಪ್ಸ್' ಅಂತ ಇರುವ ಕಡೆ ನಮ್ಮ ಕನ್ನಡ ಬೈಬಲಿನಲ್ಲಿ 'ಬಾಸುಂಡೆ' ಅಂತ ಇದೆ. ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು ಅನ್ನುವ ಮಾತು ಅದು. ಪಟ್ಟೆ ಅಂದರೆ ಬಟ್ಟೆಯ ಪಟ್ಟೆ ಮಾತ್ರ ಅಲ್ಲ, ಚಾಟಿ ಏಟು ಬಿದ್ದ ಬೆನ್ನಿನ ಮೇಲೆ ಏಳುವ ಗೆರೆ. ಚಿಕ್ಕಂದಿನಲ್ಲಿ ನಾಗರಬೆತ್ತದ ಏಟು ತಿಂದವರಿಗೆ ಬಾಸುಂಡೆ ಅಂದರೆ ಏನಂತ ಬಿಡಿಸಿ ಹೇಳಬೇಕಿಲ್ಲ. ಆ ಶಬ್ದ ಗೊತ್ತಾದ ಮೇಲೆ ನನಗಂತೂ ಆ ಹಳದಿ ಕಪ್ಪು ಬಟ್ಟೆ ಬೇರೆ ಥರ ಕಾಣತೊಡಗಿತು.

ಅವರು ಜನರ ಕಡೆ ಬೈಬಲ್ ಎಸೆಯುತ್ತಿದ್ದರಂತೆ, ನಿಜವಾ? ಅಲ್ಲಿನ ಚರ್ಚಿನವರು ಬಯ್ಯಲಿಲ್ವಾ? (ಮಂಜೇಶ್ವರ)

ನಿಜ. ಹೊಸ ಒಡಂಬಡಿಕೆಯ ಪ್ರತಿಗಳನ್ನು ವೇದಿಕೆಯಿಂದ ಜನರತ್ತ ಎಸೆಯುತ್ತಿದ್ದರು. ಪವಿತ್ರ ಪುಸ್ತಕವನ್ನು ಎಸೆಯುವುದು ಅಂದರೆ ನಮಗೆ ಮುಜುಗರ ಆಗುತ್ತದೆ. ನನಗೂ ಆಗುತ್ತದೆ. ಆದರೆ ಚರ್ಚಿನ ಮೆಟ್ಟಿಲನ್ನೇ ಹತ್ತದ ಹುಡುಗರು ಸೇರುವ ಕ್ಲಬ್ಬುಗಳಲ್ಲಿ ಅವರು ನುಡಿಸುತ್ತಿದ್ದದ್ದು. ಅಂಥವನೊಬ್ಬನ ಕೈಗೆ ಪುಸ್ತಕ ತಲುಪಬೇಕು ಅನ್ನುವ ತವಕ ಅದು.

ಬಯ್ದವರು ತುಂಬ ಜನ. ಜಿಮ್ಮಿ ಸ್ವ್ಯಾಗರ್ಟ್ ಅನ್ನುವ ಹೆಸರಾಂತ ಟಿವಿ ಬೋಧಕ ಬಹಿರಂಗವಾಗಿ ವಿರೋಧಿಸಿದರು. 1986ರ 'ಟು ಹೆಲ್ ವಿತ್ ದ ಡೆವಿಲ್' ಆಲ್ಬಂನ ಮೊದಲ ಮುಖಪುಟದಲ್ಲಿ ದೇವದೂತರು ಸೈತಾನನನ್ನು ಕೆಳಕ್ಕೆ ತಳ್ಳುವ ಚಿತ್ರ ಇತ್ತು. ಅದಕ್ಕೂ ಗಲಾಟೆಯಾಗಿ ಮುಖಪುಟ ಬದಲಿಸಬೇಕಾಯಿತು. ಹಾಗಿದ್ದೂ ಆ ಆಲ್ಬಂ ಅಮೆರಿಕದಲ್ಲಿ ಹತ್ತು ಲಕ್ಷಕ್ಕಿಂತ ಜಾಸ್ತಿ ಮಾರಾಟವಾಯಿತು. ಒಂದು ಕಡೆ ರಾಕ್‌ನವರು ಇವರು ಪಾದ್ರಿಗಳು ಅಂದರು, ಇನ್ನೊಂದು ಕಡೆ ಚರ್ಚಿನವರು ಇವರು ರಾಕ್‌ನವರು ಅಂದರು. ಎರಡೂ ಕಡೆಯಿಂದ ಬೈಸಿಕೊಂಡು ನಿಲ್ಲುವುದು ಸಣ್ಣ ಮಾತಲ್ಲ.

'ವೆನ್ ವಿ ವರ್ ಕಿಂಗ್ಸ್' ಆಲ್ಬಂ ನಿಜಕ್ಕೂ ಚೆನ್ನಾಗಿದೆಯಾ, ಅಥವಾ ಹಳೆ ಅಭಿಮಾನದಿಂದ ಹೊಗಳಿದ್ದೀರಾ? (ಕಾಸರಗೋಡು)

ನೇರ ಪ್ರಶ್ನೆ. ನೇರವಾಗಿಯೇ ಹೇಳುತ್ತೇನೆ.

ಮೊದಲ ಸಲ ಅದನ್ನು ಕೇಳಿದ್ದು ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ. ಬಾಗಿಲ ಹತ್ತಿರ ನಿಂತಿದ್ದೆ, ಕಿವಿಗೆ ಇಯರ್‌ಫೋನು. ಮೊಗ್ರಾಲ್ ಹೊಳೆ ದಾಟುವಾಗ ಗಿಟಾರು ಶುರುವಾಯಿತು, ನೇತ್ರಾವತಿ ಸೇತುವೆ ಬರುವಾಗ ಆಲ್ಬಂ ಮುಗಿಯುತ್ತಾ ಬಂದಿತ್ತು. ಮೊದಲು ಹೊಡೆದದ್ದು ಗಿಟಾರಿನ ತೂಕ. 1984ರಲ್ಲಿ ಬಂದ ಅವರ ಮೊದಲ ರೆಕಾರ್ಡು 'ದ ಯೆಲ್ಲೋ ಅಂಡ್ ಬ್ಲ್ಯಾಕ್ ಅಟ್ಯಾಕ್' ಈಗ ಕೇಳಿದರೆ ತೆಳು ಅನಿಸುತ್ತದೆ, ಇದು ಹಾಗಿಲ್ಲ. ಅರವತ್ತು ದಾಟಿದ ಮೈಕಲ್ ಸ್ವೀಟ್ ತಾರಸ್ಥಾಯಿಗೆ ಹೋದಾಗ ಸ್ವರ ಜಾರುವುದಿಲ್ಲ. ಹಾಡುಗಾರರಿಗೆ ಗೊತ್ತು, ಮೇಲೆ ಹೋಗುವುದು ಕಷ್ಟವಲ್ಲ, ಅಲ್ಲಿ ನಿಲ್ಲುವುದು ಕಷ್ಟ.

ಕೊರತೆ ಇಲ್ಲವಾ? ಇದೆ. ನಡುವಿನ ಕೆಲವು ಹಾಡುಗಳ ಪಲ್ಲವಿ ಒಂದರ ಹಾಗೇ ಇನ್ನೊಂದು ಕೇಳಿಸುತ್ತವೆ. ಎಲ್ಲ ವಾದ್ಯವೂ ಎಲ್ಲ ಹೊತ್ತೂ ಜೋರಾಗಿದ್ದರೆ ಕಿವಿ ದಣಿಯುತ್ತದೆ, ಒಂದೆರಡು ಕಡೆ ಉಸಿರಾಡಲು ಜಾಗ ಬಿಟ್ಟಿದ್ದರೆ ಆ ಗಿಟಾರು ಮತ್ತೆ ಬಂದಾಗ ಇನ್ನೂ ಬಲವಾಗಿ ಹೊಡೆಯುತ್ತಿತ್ತು.

ಆದರೂ ಈ ಆಲ್ಬಂ ನನಗೆ ಮುಖ್ಯ. ಕಾರಣ ಇದರ ಹಿಂದಿನ ದಾರಿ. 1990ರಲ್ಲಿ ಬಂದ ಆಲ್ಬಂನಲ್ಲಿ ಹಳದಿ ಕಪ್ಪೂ ಇಲ್ಲ, ದೇವರ ಹೆಸರೂ ಹೆಚ್ಚು ಕಡಿಮೆ ಇಲ್ಲ. ಆಮೇಲೆ 1992ರಲ್ಲಿ ಮೈಕಲ್ ಹೊರಗೆ ಹೋದರು, ಬ್ಯಾಂಡು ಚದುರಿತು. 2003ರಲ್ಲಿ ಮತ್ತೆ ಸೇರಿದರು. 2009ರಲ್ಲಿ ಮೈಕಲ್ ಅವರ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡರು. 2018ರಲ್ಲಿ ಗಿಟಾರ್ ವಾದಕ ಆಜ್ ಫಾಕ್ಸ್ ಲಾಸ್ ವೇಗಸ್‌ನ ವೇದಿಕೆಯ ಮೇಲೇ ಫಿಟ್ಸ್ ಬಂದು ಬಿದ್ದರು, ಪರೀಕ್ಷೆ ಮಾಡಿದಾಗ ಮೆದುಳಿನಲ್ಲಿ ಗಡ್ಡೆ. ಆಪರೇಷನ್ ಆಯಿತು. ಅದೇ ಮನುಷ್ಯ ಈ ಆಲ್ಬಂನಲ್ಲೂ ನುಡಿಸಿದ್ದಾರೆ. ಇಷ್ಟೆಲ್ಲ ಆದವರು 'ಗ್ರೇಟ್‌ಫುಲ್' ಅಂತ ಹಾಡಿದರೆ ಆ ಶಬ್ದಕ್ಕೆ ಬೇರೆಯೇ ಬೆಲೆ. ಇಪ್ಪತ್ತರ ಹುಡುಗರು ಅದನ್ನು ಹಾಡಿದ್ದರೆ ನಾನು ರೈಲಿನ ಬಾಗಿಲಲ್ಲಿ ಕಣ್ಣು ಒರೆಸಿಕೊಳ್ಳುತ್ತಿರಲಿಲ್ಲ.

ನಮ್ಮ ಕೊಯರ್‌ನಲ್ಲಿ ಇಬ್ಬರು ಗಿಟಾರ್ ಹುಡುಗರು ಇದ್ದೇವೆ. ಅವರ ಹಾಗೆ ನುಡಿಸಲು ಹೋದರೆ ಹಾಲ್ ತುಂಬ ಬರೀ ಗೊರಗೊರ ಸದ್ದು. ತಪ್ಪು ಎಲ್ಲಿ? (ಕುಂಬಳೆ)

ಬಹುಶಃ ಡಿಸ್ಟಾರ್ಷನ್ (ಗಿಟಾರಿನ ಸದ್ದನ್ನು ಒರಟು ಮಾಡುವುದು) ಜಾಸ್ತಿ ಇಟ್ಟಿದ್ದೀರಿ. ಅದನ್ನು ಹೆಚ್ಚು ಕಡಿಮೆ ಮಾಡುವ ಗೇನ್ ಗುಂಡಿಯನ್ನು ಅರ್ಧಕ್ಕೆ ಇಳಿಸಿ, ಮಿಡ್ಲ್ (ನಡುವಿನ ಸ್ವರಗಳ ಗುಂಡಿ) ಸ್ವಲ್ಪ ಏರಿಸಿ. ರೂಮಿನಲ್ಲಿ ಚೆನ್ನಾಗಿ ಕೇಳಿದ ಸದ್ದು ಹಾಲ್‌ನಲ್ಲಿ ಕರಗಿಹೋಗುತ್ತದೆ.

ಎರಡನೆಯದು, ಪೂರ್ತಿ ಕಾರ್ಡ್ ಹಿಡಿಯಬೇಡಿ. ಡಿಸ್ಟಾರ್ಷನ್ ಇದ್ದಾಗ ಗಾಂಧಾರ ಸೇರಿದರೆ ಕಲಸುಮೇಲೋಗರ ಆಗುತ್ತದೆ. ಷಡ್ಜ ಪಂಚಮ ಎರಡೇ ಸಾಕು, ಪವರ್ ಕಾರ್ಡ್ ಅಂದರೆ ಅದೇ. ಶ್ರುತಿ ಪೆಟ್ಟಿಗೆ ಹಿಡಿಯುವ ಸ್ವರಗಳೂ ಅವೇ ಅಲ್ವಾ? ಬಲ ಅಂಗೈಯ ಅಂಚನ್ನು ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿ ಕೂರುವ ಪಟ್ಟಿ) ಹತ್ತಿರ ತಂತಿಯ ಮೇಲೆ ಮೆಲ್ಲನೆ ಒರಗಿಸಿ ಹೊಡೆಯಿರಿ, ಸದ್ದು ತುಂಡು ತುಂಡಾಗಿ ಬರುತ್ತದೆ. ಸ್ವಲ್ಪ ಮುಂದೆ ಇಟ್ಟರೆ ಸ್ವರವೇ ಸಾಯುತ್ತದೆ, ಹಿಂದೆ ಇಟ್ಟರೆ ತುಂಡಾಗುವುದಿಲ್ಲ. ಒಂದು ವಾರ ಇದೊಂದನ್ನೇ ಅಭ್ಯಾಸ ಮಾಡಿ.

ಗಾಂಧಾರಕ್ಕೆ ಬೇರೆ ಜಾಗ ಇದೆ. ಮೈಕಲ್ ಮತ್ತು ಆಜ್ ಇಬ್ಬರೂ ಒಂದೇ ಓಟವನ್ನು ಒಟ್ಟಿಗೆ ನುಡಿಸುತ್ತಾರೆ, ಒಬ್ಬ ಷಡ್ಜದಿಂದ ಹೊರಟರೆ ಇನ್ನೊಬ್ಬ ಗಾಂಧಾರದಿಂದ. ಕೊಯರ್‌ನಲ್ಲಿ ಸೊಪ್ರಾನೊ (ಮೇಲಿನ ದನಿ), ಆಲ್ಟೊ (ಅದಕ್ಕಿಂತ ಕೆಳಗಿನ ದನಿ) ಹಾಡುವ ಹಾಗೇ. ನಿಮಗೆ ಅದು ಬರುತ್ತದೆ, ಕಂಠದಲ್ಲಿ ಇರುವುದನ್ನು ಬೆರಳಿಗೆ ಇಳಿಸಿ.

ಇಂಥ ಹಾಡು ಕನ್ನಡದಲ್ಲಿ ಆಗುತ್ತದಾ? ಕನ್ನಡ ಮೆತ್ತಗಿನ ಭಾಷೆ, ರಾಕ್‌ಗೆ ಒಗ್ಗುವುದಿಲ್ಲ ಅನ್ನುತ್ತಾರೆ. (ಬದಿಯಡ್ಕದ ಕಾಲೇಜು ಹುಡುಗಿ)

ಈ ಪತ್ರ ಓದಿ ನನಗೆ ತುಂಬ ಖುಷಿಯಾಯಿತು ತಂಗೀ. ಮನೆಯಲ್ಲಿ ಕೊಂಕಣಿ, ಪಕ್ಕದ ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಅಂತ ಬರೆದಿದ್ದೀರಿ. ಅಷ್ಟು ಭಾಷೆಯ ನಡುವೆ ಇದ್ದೂ ಕನ್ನಡದಲ್ಲೇ ಬರೆಯಬೇಕು ಅನ್ನಿಸಿದೆ. ಅದನ್ನು ಬಿಡಬೇಡಿ.

ಮೆತ್ತಗೆ ಅಂದವರು ಕನ್ನಡದ ಒತ್ತಕ್ಷರಗಳನ್ನು ಕೇಳಿಸಿಕೊಂಡಿಲ್ಲ. ಸತ್ತ, ಎದ್ದ, ಗೆದ್ದ. ಮೂರೇ ಶಬ್ದದಲ್ಲಿ ಗುಡ್ ಫ್ರೈಡೇಯಿಂದ ಈಸ್ಟರ್‌ವರೆಗಿನ ಕಥೆ ಮುಗಿಯಿತು. ಒಂದೊಂದು ಒತ್ತಿಗೂ ಡ್ರಮ್ಮಿನ ಒಂದೊಂದು ಪೆಟ್ಟು ಹಾಕಿ ಹೇಳಿ ನೋಡಿ. ಪಲ್ಲವಿಯಲ್ಲಿ ಸ್ವರ ಎಳೆಯಬೇಕಾದರೆ ಇಂಗ್ಲಿಷಿನವರು ಕೊನೆಯ ವ್ಯಂಜನದ ಜೊತೆ ಗುದ್ದಾಡಬೇಕು. ನಮಗೆ ಆ ಕಷ್ಟವೇ ಇಲ್ಲ, ನಮ್ಮ ಶಬ್ದಗಳು ಸ್ವರದಲ್ಲೇ ಮುಗಿಯುತ್ತವೆ. 'ಕರ್ತನೇ' ಅಂತ ಕರೆದರೆ ಆ ಏಕಾರವನ್ನು ಉಸಿರಿರುವ ತನಕ ಎಳೆಯಬಹುದು.

ಇದು ಹೊಸ ಯೋಚನೆಯೂ ಅಲ್ಲ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರನ್ನು ನಾವು 1894ರ ನಿಘಂಟಿನಿಂದ ನೆನೆಯುತ್ತೇವೆ. ಆದರೆ ನಿಘಂಟಿಗಿಂತ ಎಷ್ಟೋ ಮೊದಲೇ ಅವರು 'ಕಥಾಮಾಲೆ' ಬರೆದಿದ್ದರು, ಯೇಸುವಿನ ಬದುಕನ್ನು ನಮ್ಮ ನೆಲದ ಹಾಡುಗಬ್ಬದ ಧಾಟಿಯಲ್ಲಿ ಹೇಳುವ ಕೃತಿ. ಜರ್ಮನಿಯಿಂದ ಬಂದವರು ಇಲ್ಲಿನ ಕಿವಿಗೆ ಯಾವುದು ಒಗ್ಗಿದೆ ಅಂತ ಹುಡುಕಿ ಅದನ್ನೇ ಹಿಡಿದರು. ಇವತ್ತು ನಿಮ್ಮ ವಯಸ್ಸಿನವರ ಕಿವಿಗೆ ಗಿಟಾರು ಒಗ್ಗಿದೆ. ಅದರ ಮೇಲೆ ಕನ್ನಡ ಕೂರಿಸುವುದು ನಿಮ್ಮ ಕೆಲಸ. ಬರೆದದ್ದನ್ನು ನನಗೆ ಕಳಿಸಿ, ಓದಿ ಉತ್ತರ ಬರೆಯುತ್ತೇನೆ.

ಪೂಜೆಯ ಹೊತ್ತಿಗೆ ಇಗರ್ಜಿಯೊಳಗೆ ಇದನ್ನು ನುಡಿಸಬಹುದಾ? (ಮತ್ತೆ ಕುಂಬಳೆಯ ಅದೇ ಹುಡುಗರು)

ಬೇಡ. ಪೂಜೆಯ ಹಾಡು ಎಲ್ಲರೂ ಸೇರಿ ಹಾಡುವುದಕ್ಕೆ ಇರುವುದು. ಮುಂದಿನ ಬೆಂಚಿನ ಅಜ್ಜಿಯೂ ಹಾಡಬೇಕು, ಚಿಕ್ಕ ಮಗುವೂ ಹಾಡಬೇಕು. ಸ್ಟ್ರೈಪರ್‌ನವರ ಹಾಡು ನಿಂತು ಕೇಳುವುದಕ್ಕೆ ಇರುವುದು, ಅವರೂ ಅದನ್ನು ವೇದಿಕೆಗೆ ಅಂತಲೇ ಮಾಡಿದ್ದು.

ವಾರ್ಷಿಕ ಹಬ್ಬದ ರಾತ್ರಿ ಮೈದಾನದಲ್ಲಿ ಕಾರ್ಯಕ್ರಮ ಇರುತ್ತದಲ್ಲ, ಅಲ್ಲಿ ಕೇಳಿ. ಡ್ರಮ್ಸ್ ಬಾಡಿಗೆಗೆ ಹೇಳುವ ಮೊದಲು ಫಾದರ್ ಹತ್ತಿರ ಹೋಗಿ. ಹಾಡಿನ ಸಾಲುಗಳ ಕನ್ನಡ ಅರ್ಥವನ್ನು ಒಂದು ಹಾಳೆಯಲ್ಲಿ ಚೆಂದ ಮಾಡಿ ಬರೆದುಕೊಂಡು ಹೋಗಿ, ಮೇಲೆ ಯೆಶಾಯ 53:5 ಅಂತ ಹಾಕಿ.