ಸಾಂಕ್ರಾಮಿಕ ಬಂದಾಗ ಶಾಸಕರ ಕಚೇರಿ ಜನರಿಗೆ ನಿಜಕ್ಕೂ ಏನು ಮಾಡಿಕೊಡಬಹುದು?

ನೀವು ಕೇಳಿದ್ದು: ಹೊಸ ಶಾಸಕರೊಬ್ಬರ ಕಚೇರಿಗೆ ಆಪ್ತ ಸಹಾಯಕರಾಗಿ ಸೇರಿದ್ದೀರಿ, ಕೋವಿಡ್‌ನಂಥದ್ದು ಮತ್ತೆ ಬಂದರೆ ಕಿಟ್ ಹಂಚುವುದರಾಚೆಗೆ ಕ್ಷೇತ್ರದ ಜನರಿಗೆ ಏನು ಮಾಡಿಕೊಡಬಹುದು ಎಂದು. 2020–21ರಲ್ಲಿ ಕರ್ನಾಟಕದಲ್ಲಿ ಯಾವುದು ನಡೆಯಿತು, ಯಾವುದು ಎಡವಿತು ಎನ್ನುವುದನ್ನು ಇಟ್ಟುಕೊಂಡು ಹೇಳುತ್ತೇನೆ. ಫಾರಂ, ರಿಜಿಸ್ಟರ್ ವಿಷಯವೇ ಜಾಸ್ತಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಶಾಸಕರಿಗೆ ಒಂದು ಬೆಡ್ ಮಂಜೂರು ಮಾಡುವ ಅಧಿಕಾರವೂ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಅವರ ಕೆಳಗೆ ತಹಶೀಲ್ದಾರ್, ತಾಲ್ಲೂಕು ಆರೋಗ್ಯಾಧಿಕಾರಿ, ತಾಲ್ಲೂಕು ಪಂಚಾಯಿತಿ ಇಒ, ಪಿಡಿಒ. ಶಾಸಕರಿಗಿರುವುದು ಟಾಸ್ಕ್ ಫೋರ್ಸ್ (ಸಾಂಕ್ರಾಮಿಕದ ಹೊತ್ತಿನಲ್ಲಿ ರಚಿಸುವ ಸಮಿತಿ), ಕೆಡಿಪಿ (ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆ), ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ, ಈ ಸಭೆಗಳ ಅಧ್ಯಕ್ಷತೆ. ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ನಿಧಿ. ಜೊತೆಗೆ, ಅಧಿಕಾರಿಗಳು ಎತ್ತದೆ ಇರಲಾಗದ ಒಂದು ಫೋನ್ ನಂಬರು. ಆ ಫೋನನ್ನು ‘ಈ ಬೆಡ್ಡು ನಮ್ಮವರಿಗೇ ಕೊಡಿ’ ಎನ್ನಲು ಬಳಸಿದರೆ ಇನ್ಯಾರದೋ ಬೆಡ್ಡು ಹೋಗುತ್ತದೆ, ಒಟ್ಟು ಬೆಡ್ಡುಗಳು ಒಂದೂ ಹೆಚ್ಚುವುದಿಲ್ಲ. ‘ಈ ಕಡತ ನಿಮ್ಮಲ್ಲಿ ಯಾಕೆ ನಿಂತಿದೆ, ಯಾವ ಕಾಗದ ಕಮ್ಮಿ ಇದೆ’ ಎಂದು ಕೇಳಲು ಬಳಸಿದರೆ ಕೆಲಸ ಆಗುತ್ತದೆ.

ಅಲೆ ಏರುವಾಗ ಬರುವ ಕರೆಗಳಲ್ಲಿ ಹೆಚ್ಚಿನವು ಬೆಡ್ಡಿಗಾಗಿಯೇ. ಶಾಸಕರ ನಂಬರಿಗೆ, ಗನ್‌ಮ್ಯಾನ್ ನಂಬರಿಗೆ, ಡ್ರೈವರ್ ನಂಬರಿಗೆ, ನಿಮ್ಮ ನಂಬರಿಗೆ ಒಬ್ಬನೇ ರೋಗಿಯ ಬಗ್ಗೆ ನಾಲ್ಕು ಸಂಬಂಧಿಕರು ಮಾಡುತ್ತಾರೆ. ನೀವು ನಾಲ್ವರೂ ಬೇರೆ ಬೇರೆ ಆಸ್ಪತ್ರೆಗೆ ಹೇಳುತ್ತೀರಿ. ಎರಡು ಕಡೆ ಬೆಡ್ ಹಿಡಿದಿಟ್ಟು ಒಂದು ಸುಮ್ಮನೆ ಖಾಲಿ ಬಿದ್ದಿರುತ್ತದೆ. ಹಾಗಾಗಿ ಮೊದಲ ದಿನವೇ ಒಂದು ನಂಬರು, ಒಂದು ರಿಜಿಸ್ಟರ್, ಪಾಳಿಯಲ್ಲಿ ಕೂರುವ ಮೂವರು. ಪ್ರಕರಣವನ್ನು ರೋಗಿಯ ಹೆಸರಿನಿಂದ ಗುರುತಿಸಬೇಡಿ, ಒಂದೇ ಹೆಸರಿನವರು ಬೇಕಾದಷ್ಟು ಜನ ಇರುತ್ತಾರೆ. ರೋಗಿಯ ಪಕ್ಕದಲ್ಲೇ ಇರುವವರ ಮೊಬೈಲ್ ನಂಬರಿನಿಂದ ಗುರುತಿಸಿ.

ಕೇಳಬೇಕಾದದ್ದು ಇಷ್ಟು: ವಯಸ್ಸು, ಈಗ ಎಲ್ಲಿದ್ದಾರೆ, ಆಕ್ಸಿಜನ್ ಹಾಕದೆ ಕೂತಿರುವಾಗ ಬೆರಳಿನ ಮೀಟರ್ ಎಷ್ಟು ತೋರಿಸುತ್ತಿದೆ, ನಿಮಿಷಕ್ಕೆ ಉಸಿರು ಎಷ್ಟು, ಸಕ್ಕರೆ–ಬಿಪಿ–ಕಿಡ್ನಿ ತೊಂದರೆ ಇದೆಯೇ, ಟೆಸ್ಟ್ ಆಗಿದ್ದರೆ ಎಸ್‌ಆರ್‌ಎಫ್ ಐಡಿ (ಟೆಸ್ಟಿಗೆ ಮಾದರಿ ಕೊಟ್ಟಾಗ ಸಿಗುವ ಸಂಖ್ಯೆ) ಏನು. ಬೆರಳು ತಣ್ಣಗಿದ್ದರೆ, ನೇಲ್ ಪಾಲಿಶ್ ಇದ್ದರೆ ಮೀಟರ್ ತಪ್ಪು ಅಂಕಿ ತೋರಿಸುತ್ತದೆ. ಕೈ ಉಜ್ಜಿಕೊಂಡು, ಮೀಟರನ್ನು ಒಂದು ನಿಮಿಷ ಬಿಟ್ಟು, ಏರಿಳಿತ ನಿಂತ ಮೇಲೆ ಬರುವ ಅಂಕಿ ಹೇಳಲು ತಿಳಿಸಿ. ಆಗಿನ ಮಾರ್ಗಸೂಚಿಯಲ್ಲಿ 94 ಅಥವಾ ಮೇಲಿದ್ದು ಉಸಿರು ಸರಾಗವಾಗಿದ್ದರೆ ಸೌಮ್ಯ, 90ರಿಂದ 93 ಮಧ್ಯಮ, 90ಕ್ಕಿಂತ ಕೆಳಗಿದ್ದರೆ ತೀವ್ರ. ಮುಂದಿನ ರೋಗಕ್ಕೆ ಗಡಿ ಬೇರೆ ಇರಬಹುದು. ಅದನ್ನು ಆರೋಗ್ಯಾಧಿಕಾರಿಯ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿ. ಯಾರು ಮೊದಲು ಎನ್ನುವುದು ವೈದ್ಯರ ತೀರ್ಮಾನ. ನಿಮ್ಮ ಕೆಲಸ ಈ ಮಾಹಿತಿಯನ್ನು ಪೂರ್ತಿಯಾಗಿ ಬೆಡ್ ಹಂಚುವ ವಾರ್ ರೂಮಿಗೆ ಮುಟ್ಟಿಸುವುದು, ಎರಡು ಗಂಟೆ ಬಿಟ್ಟು ಮನೆಯವರಿಗೆ ನೀವೇ ತಿರುಗಿ ಫೋನ್ ಮಾಡುವುದು. ಈ ಎರಡನೆಯದನ್ನು ಮಾಡುವ ಕಚೇರಿಗಳು ಕಡಿಮೆ.

‘ಪಾಸಿಟಿವ್ ರಿಪೋರ್ಟ್ ಇಲ್ಲ, ಸೇರಿಸಿಕೊಳ್ಳಲ್ಲ’ ಎಂದು ಆಸ್ಪತ್ರೆ ಹೇಳಿದರೆ, ಅಲ್ಲಿ ಶಾಸಕರ ಒಂದು ಫೋನು ಬೆಲೆಯುಳ್ಳದ್ದು. ದಾಖಲಾತಿಗೆ ಪಾಸಿಟಿವ್ ವರದಿ ಕಡ್ಡಾಯವಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ಮೇ 8ರಂದೇ ಹೇಳಿತ್ತು. ಇಂಥ ಆದೇಶಗಳ ಪ್ರತಿ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಇರಲಿ. ಗಲಾಟೆ ಮಾಡುವುದಕ್ಕಿಂತ ಆದೇಶದ ಪುಟವನ್ನು ವಾಟ್ಸ್ಯಾಪ್ ಮಾಡುವುದು ಬೇಗ ಕೆಲಸ ಮಾಡುತ್ತದೆ.

ದುಡ್ಡಿನ ವಿಚಾರಕ್ಕೂ ಇದೇ ಮಾತು. 2020ರ ಜೂನ್ ಆದೇಶದಲ್ಲಿ ಸರ್ಕಾರವೇ ಖಾಸಗಿ ಆಸ್ಪತ್ರೆಗೆ ಕಳಿಸಿದ ರೋಗಿಗೆ ದಿನಕ್ಕೆ ಜನರಲ್ ವಾರ್ಡ್ 5,200, ಎಚ್‌ಡಿಯು (ವಾರ್ಡಿಗಿಂತ ಹೆಚ್ಚು, ಐಸಿಯುಗಿಂತ ಕಡಿಮೆ ನಿಗಾದ ಘಟಕ) 7,000, ವೆಂಟಿಲೇಟರ್ ಇಲ್ಲದ ಐಸಿಯು 8,500, ವೆಂಟಿಲೇಟರ್ ಇದ್ದರೆ 10,000 ರೂಪಾಯಿ ದರ. ಅದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕಟ್ಟುತ್ತಿತ್ತು. ತಾವೇ ಹೋಗಿ ಸೇರಿದವರಿಗೆ ಅದೇ ಬೆಡ್ಡುಗಳು 10,000, 12,000, 15,000, 25,000 ರೂಪಾಯಿವರೆಗೆ, ಕೈಯಿಂದಲೇ. ಗಾಬರಿಯಲ್ಲಿ ಮೊದಲು ಸೇರಿಸಿ ಆಮೇಲೆ ‘ಸರ್ಕಾರಿ ಕೋಟಾಕ್ಕೆ ಹಾಕಿಸಿ’ ಎಂದು ಬಂದವರಿಗೆ ಶಾಸಕರ ಪತ್ರದಿಂದ ಹೆಚ್ಚೇನೂ ಆಗುತ್ತಿರಲಿಲ್ಲ. ಹಾಗಾಗಿ ಮೊದಲ ಕರೆಯಲ್ಲೇ ಹೇಳಿಬಿಡಿ: ದಾಖಲಾಗುವ ಮುಂಚೆ ರೆಫರಲ್ ಬರಲಿ. ರೆಮ್‌ಡಿಸಿವಿರ್ ಗೋಳೂ ಹೀಗೇ. ಔಷಧ ಹಂಚಿಕೆಯಾಗುತ್ತಿದ್ದದ್ದು ಆಸ್ಪತ್ರೆ ಸಲ್ಲಿಸಿದ ಬೇಡಿಕೆಯ ಮೇಲೆ. ಲೆಟರ್‌ಹೆಡ್ ಹಿಡಿದು ಮೆಡಿಕಲ್ ಸ್ಟೋರ್ ಸುತ್ತುವ ಬದಲು, ಆಸ್ಪತ್ರೆ ಬೇಡಿಕೆ ಹಾಕಿದೆಯೇ, ರೋಗಿಯ ಎಸ್‌ಆರ್‌ಎಫ್ ಸಂಖ್ಯೆ ಸರಿಯಾಗಿ ಬರೆದಿದೆಯೇ ಎಂದು ನೋಡುವುದು ನಿಜವಾದ ಸಹಾಯ.

ಆಕ್ಸಿಜನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಶಾಸಕರ ನಿಧಿಯಿಂದ ‘ಏನಾದರೂ ಕೊಡಿಸೋಣ’ ಎಂಬ ಉತ್ಸಾಹ ಹೆಚ್ಚಾಗಿ ಇಲ್ಲೇ ಹರಿಯುವುದು. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ನಿಮಿಷಕ್ಕೆ 5 ಲೀಟರ್ ಬೇಕಾದ ರೋಗಿಗೆ ಅದು 23 ಗಂಟೆ, 10 ಲೀಟರ್ ಆದರೆ 11 ಗಂಟೆ ಚಿಲ್ಲರೆ, 15 ಲೀಟರ್ ಮಾಸ್ಕಿಗೆ 8 ಗಂಟೆಗೂ ಕಡಿಮೆ. ಹೈ ಫ್ಲೋ ಯಂತ್ರ 60 ಲೀಟರ್ ಶುದ್ಧ ಆಕ್ಸಿಜನ್ ಎಳೆಯುತ್ತಿದ್ದರೆ ಎರಡು ಗಂಟೆಯೊಳಗೆ ಖಾಲಿ. 20 ಬೆಡ್ಡಿನ ವಾರ್ಡಿನಲ್ಲಿ ಸರಾಸರಿ 8 ಲೀಟರ್ ಹಿಡಿದರೂ ದಿನಕ್ಕೆ 2,30,400 ಲೀಟರ್, ಅಂದರೆ 33 ಸಿಲಿಂಡರ್. ಆದರೆ 33 ಇದ್ದರೆ ಸಾಲದು; ಇಲ್ಲಿ ಒಂದು ಸೆಟ್ ಬಳಕೆಯಲ್ಲಿರುವಾಗ ಇನ್ನೊಂದು ಸೆಟ್ ರೀಫಿಲ್ಲಿಂಗ್ ಘಟಕದ ಕ್ಯೂನಲ್ಲಿ, ಮತ್ತೊಂದು ಲಾರಿಯಲ್ಲಿ ಇರುತ್ತದೆ. ಎರಡನೇ ಅಲೆಯಲ್ಲಿ ಅನಿಲದಷ್ಟೇ ಖಾಲಿ ಸಿಲಿಂಡರುಗಳಿಗೂ ಬರ ಬಂದದ್ದು ಇದರಿಂದ. 2021ರ ಮೇ 2–3ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ದುರಂತ ನೆನಪಿರಬಹುದು. ಅಲ್ಲಿಗೆ ಸಿಲಿಂಡರ್ ಬರಬೇಕಾಗಿದ್ದದ್ದು ಮೈಸೂರಿನಿಂದ. ಆದ್ದರಿಂದ ಟಾಸ್ಕ್ ಫೋರ್ಸ್ ಸಭೆಯಲ್ಲಿ ‘ಆಕ್ಸಿಜನ್ ಇದೆಯೇ’ ಎಂದು ಕೇಳಬೇಡಿ, ‘ಎಷ್ಟು ಗಂಟೆಗಿದೆ, ಮುಂದಿನ ಲಾರಿ ಎಲ್ಲಿಂದ, ಎಷ್ಟೊತ್ತಿಗೆ’ ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಉತ್ತರ ಯಾವಾಗಲೂ ‘ಇದೆ ಸರ್’.

ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ) ಕೊಡಿಸುವುದಾದರೆ ನಿಮಿಷಕ್ಕೆ 5 ಅಥವಾ 10 ಲೀಟರ್ ಕೊಡುವುದೇ ಇರಲಿ. ಅಗ್ಗದ 1 ಲೀಟರ್ ಯಂತ್ರಗಳು ಫೋಟೊಗೆ ಚೆಂದ, ಅಷ್ಟೇ. ಒಳ್ಳೆಯ ಯಂತ್ರದಲ್ಲೂ ಶುದ್ಧತೆ ಸುಮಾರು 93 ಶೇಕಡಾ. ಕಳಪೆಯದರಲ್ಲಿ ಹರಿವು ಹೆಚ್ಚಿಸಿದಂತೆ ಅದು ಇಳಿಯುತ್ತದೆ. ತೀವ್ರ ಸ್ಥಿತಿಯ ರೋಗಿಗೆ ಇದು ಸಾಲದು. ಮಧ್ಯಮ ಸ್ಥಿತಿಯವರಿಗೆ, ಡಿಸ್‌ಚಾರ್ಜ್ ಆದವರಿಗೆ ಸರಿ. ಹಳ್ಳಿಯ ವೋಲ್ಟೇಜ್ ಏರಿಳಿತಕ್ಕೆ ಕಂಪ್ರೆಸರ್ ಸುಟ್ಟುಹೋಗುತ್ತದೆ, ಆದ್ದರಿಂದ ಸ್ಟೆಬಿಲೈಸರ್ ಸೇರಿಸಿಯೇ ದರಪಟ್ಟಿ ತರಿಸಿ. ಆಂಬುಲೆನ್ಸ್ ಕೊಡಿಸುವುದಾದರೆ ಯಾರ ಹೆಸರಿಗೆ ನೋಂದಣಿ, ಚಾಲಕನ ಸಂಬಳ ಯಾವ ಲೆಕ್ಕದಿಂದ, ಡೀಸೆಲ್ ಬಿಲ್ಲಿಗೆ ಯಾರ ಸಹಿ ಎನ್ನುವುದನ್ನು ಪ್ರಸ್ತಾವನೆಯಲ್ಲೇ ಬರೆಸಿ. ಶಾಸಕರ ನಿಧಿ ವಾಹನಕ್ಕೆ ಸಿಕ್ಕಬಹುದು, ಪ್ರತಿ ತಿಂಗಳ ಖರ್ಚಿಗೆ ಸಿಗುವುದಿಲ್ಲ. ಆಸ್ಪತ್ರೆ ಹಿಂದೆ ಚಕ್ರದ ಗಾಳಿ ಹೋಗಿ ನಿಂತ ಆಂಬುಲೆನ್ಸುಗಳ ಕಥೆ ಬಹುಮಟ್ಟಿಗೆ ಇದೇ.

ಇನ್ನು, ಎಲ್ಲರೂ ಮರೆತುಬಿಡುವವರು ಬೇರೆ ಕಾಯಿಲೆಯವರು. ಡಯಾಲಿಸಿಸ್ ವಾರಕ್ಕೆ ಎರಡು–ಮೂರು ಸಲ ಬೇಕೇ ಬೇಕು. ಲಾಕ್‌ಡೌನ್ ಅಂತ ಮುಂದೂಡಲಾಗದು. ಅಂಥ ರೋಗಿಗೆ ಸೋಂಕು ತಗುಲಿದರೆ ಮಾಮೂಲಿ ಕೇಂದ್ರ ಬೇಡ ಎನ್ನುತ್ತದೆ, ಕೋವಿಡ್ ಆಸ್ಪತ್ರೆಯಲ್ಲಿ ಯಂತ್ರ ಇರುವುದಿಲ್ಲ. ಒಂದು ಯಂತ್ರವನ್ನು, ಅದರ ಕೊಠಡಿಯನ್ನು ಸೋಂಕಿತರಿಗೇ ಮೀಸಲಿಡಿ ಎಂದು ಆರೋಗ್ಯ ರಕ್ಷಾ ಸಮಿತಿಯಲ್ಲಿ ಮೊದಲೇ ನಿರ್ಣಯ ಮಾಡಿಸಿಡಬಹುದು. ಗರ್ಭಿಣಿಯರ ಹೆರಿಗೆ ತಾರೀಖು ಆಶಾ ಕಾರ್ಯಕರ್ತೆಯರ ಬಳಿ ಇರುತ್ತದೆ. ಮುಂದಿನ 30 ದಿನದ ಪಟ್ಟಿ ತರಿಸಿಕೊಂಡು ವಾಹನ ಗೊತ್ತುಮಾಡಿ. ಕ್ಷಯದ ಮಾತ್ರೆ, ಇನ್ಸುಲಿನ್, ಮೂರ್ಛೆರೋಗದ ಮಾತ್ರೆ ತಪ್ಪಿಹೋಗುವವರ ಪಟ್ಟಿಯೂ ಅವರಲ್ಲೇ ಸಿಗುತ್ತದೆ. ಅಂದಹಾಗೆ, ಆಶಾ ಕಾರ್ಯಕರ್ತೆಯರಿಗೆ ಶಾಲು ಹೊದಿಸುವ ಮುಂಚೆ ಅವರ ಪ್ರೋತ್ಸಾಹಧನ ಬಾಕಿ ಇದೆಯೇ ಕೇಳಿ.

ಕಿಟ್ ಬಗ್ಗೆ ಒಂದೇ ಮಾತು. ಬಿಪಿಎಲ್, ಅಂತ್ಯೋದಯ ಪಡಿತರ ಚೀಟಿ ಇದ್ದವರಿಗೆ 2020ರ ಏಪ್ರಿಲ್‌ನಿಂದ ಕೇಂದ್ರದ ಯೋಜನೆಯಲ್ಲಿ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ ಪುಕ್ಕಟೆ ಬರುತ್ತಿತ್ತು, ಅವರಿಗೆ ಇನ್ನೊಂದು ಅಕ್ಕಿ ಮೂಟೆ ಕೊಟ್ಟು ಪ್ರಯೋಜನವಿಲ್ಲ. ಬೇಳೆ, ಎಣ್ಣೆ, ಸೋಪು ಕೊಡಿ. ಅಕ್ಕಿ ಸೇರಿ ಪೂರ್ತಿ ಕಿಟ್ ಹೋಗಬೇಕಾದದ್ದು ಚೀಟಿಯೇ ಇಲ್ಲದವರಿಗೆ: ಕಟ್ಟಡದ ಕೆಲಸಕ್ಕೆ ಬಂದ ಬೇರೆ ಜಿಲ್ಲೆ, ಬೇರೆ ರಾಜ್ಯದವರಿಗೆ. ಅವರಿಗೆ ನಿಮ್ಮ ಕ್ಷೇತ್ರದಲ್ಲಿ ವೋಟಿರುವುದಿಲ್ಲ, ಪಟ್ಟಿಯಿಂದ ಬಿಟ್ಟುಹೋಗುವುದೂ ಅದಕ್ಕೇ.

2021ರ ಮೇ ತಿಂಗಳ ಪರಿಹಾರದಲ್ಲಿ ಆಟೊ, ಟ್ಯಾಕ್ಸಿ ಚಾಲಕರಿಗೆ, ಕಟ್ಟಡ ಕಾರ್ಮಿಕರಿಗೆ 3,000, ಕ್ಷೌರಿಕರು, ಅಗಸರು, ದರ್ಜಿಗಳಂಥ ಅಸಂಘಟಿತರಿಗೆ 2,000 ರೂಪಾಯಿ ಘೋಷಣೆಯಾಯಿತು. ಅರ್ಜಿ ಹಾಕಿಯೂ ದುಡ್ಡು ಬಾರದವರು ಕಚೇರಿಗೆ ಬಂದಾಗ ಮೊದಲು ನೋಡಬೇಕಾದದ್ದು ಬ್ಯಾಂಕು. ನೇರ ವರ್ಗಾವಣೆ ಆಧಾರ್ ಮೂಲಕ ಆದಾಗ ದುಡ್ಡು ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯಲ್ಲಿ ಜೋಡಣೆಯಾದ ಖಾತೆಗೆ. ಅದು ಎಂದೋ ತೆರೆದು ಮರೆತ ಖಾತೆ ಆಗಿರಬಹುದು, ಸಿಮ್ ಕೊಳ್ಳುವಾಗ ಗೊತ್ತಿಲ್ಲದೆ ತೆರೆದದ್ದೂ ಆಗಿರಬಹುದು. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆ ಸ್ಥಿತಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ‘ಸರ್ಕಾರ ಕೊಟ್ಟಿಲ್ಲ’ ಎಂದು ಬಂದವರಲ್ಲಿ ಎಷ್ಟೋ ಜನರ ದುಡ್ಡು ಅಲ್ಲಿ ಬಿದ್ದಿರುತ್ತದೆ.

ಲಸಿಕೆಯಲ್ಲಿ ಕಚೇರಿ ಮಾಡಬಾರದ್ದು ಟೋಕನ್ ಹಂಚುವುದು. ಕೋವಿಶೀಲ್ಡ್ ಸೀಸೆಯಲ್ಲಿ 10 ಡೋಸ್, ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕಿತ್ತು. ಕಾರ್ಯಕರ್ತರ ಟೋಕನ್ ಹಿಡಿದವರು ಬಂದಷ್ಟು ಬಂದು, ಆನ್‌ಲೈನಿನಲ್ಲಿ ಕಾದಿರಿಸಿದವರು ಜಗಳವಾಡಿ, ಕೊನೆಗೆ ಸೀಸೆಯಲ್ಲಿ ಉಳಿದದ್ದು ಹಾಳು. ನೆರಳು, ಕುರ್ಚಿ, ಕುಡಿಯುವ ನೀರು, ವೃದ್ಧರಿಗೆ ವಾಹನ, ಇವನ್ನು ನೋಡಿಕೊಂಡರೆ ಸಾಕು.

ಅಲೆ ಇಳಿದ ಮೇಲೆ ಶುರುವಾಗುವ ಕೆಲಸವೇ ಅತಿ ಉದ್ದದ್ದು: ಸತ್ತವರ ಮನೆಯ ಕಾಗದಪತ್ರ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2021ರ ಸೆಪ್ಟೆಂಬರ್ ಮಾರ್ಗಸೂಚಿಯಂತೆ ಪ್ರತಿ ಕೋವಿಡ್ ಸಾವಿಗೆ 50,000 ರೂಪಾಯಿ, ರಾಜ್ಯ ಸರ್ಕಾರದಿಂದ ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ಇತ್ತು. ತೊಡಕು ಬರುವುದು ಮರಣದ ಕಾರಣದಲ್ಲಿ. ಅದನ್ನು ಬರೆಯುವ ಫಾರಂ ಆಸ್ಪತ್ರೆ ಕೊಡುವ ನಮೂನೆ 4, ಮನೆಯಲ್ಲಿ ತೀರಿಕೊಂಡರೆ 4ಎ. ಅದರಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಬರೆದಿದ್ದರೆ ಅರ್ಜಿ ನಿಲ್ಲುತ್ತದೆ. ಪಾಸಿಟಿವ್ ಬಂದ 30 ದಿನದೊಳಗೆ ಆದ ಸಾವನ್ನು, ಆಸ್ಪತ್ರೆಯ ಹೊರಗೆ ಆಗಿದ್ದರೂ, ಕೋವಿಡ್ ಸಾವೆಂದೇ ಗಣಿಸಬೇಕು ಎಂಬ ನಿಯಮವಿತ್ತು. ತಕರಾರಿಗೆ ಜಿಲ್ಲಾ ಮಟ್ಟದ ಸಮಿತಿ ಇತ್ತು. ಕಳಿಸುವ ಕಡತದಲ್ಲಿ ಮರಣ ಪ್ರಮಾಣಪತ್ರ, ಎಸ್‌ಆರ್‌ಎಫ್ ಅಥವಾ ಲ್ಯಾಬ್ ವರದಿ, ಡೆತ್ ಸಮ್ಮರಿ, ಇದ್ದರೆ ಸಿಟಿ ಸ್ಕ್ಯಾನ್, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಪಾಸ್‌ಬುಕ್ ಇರಲಿ. ಹೆಸರು ಆಧಾರ್‌ನಲ್ಲಿ ಒಂಥರ, ಪಡಿತರ ಚೀಟಿಯಲ್ಲಿ ಇನ್ನೊಂಥರ ಇದ್ದರೆ ಮೊದಲೇ ಅಫಿಡವಿಟ್ ಮಾಡಿಸಿ. ಮನೆಯವರ ಕೈಯಲ್ಲಿ ಡೆತ್ ಸಮ್ಮರಿ ಇಲ್ಲದಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಲಿಖಿತವಾಗಿ ಬರೆದು ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ಯಾರೂ ಹುಡುಕಿಕೊಡುವುದಿಲ್ಲ.

ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಇತ್ತು. ಇಲ್ಲಿ ಸಾಕುವವರು ಯಾರು ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ಮೂಲಕವೇ ಗೊತ್ತುಮಾಡಿಸಿ, ಊರ ಮುಖಂಡರ ಪಂಚಾಯಿತಿಗೆ ಬಿಡಬೇಡಿ. ಮಗುವಿನ ಫೋಟೊ ಹಾಕುವುದಂತೂ ಬೇಡವೇ ಬೇಡ.

ಇದಕ್ಕೆಲ್ಲ ತಯಾರಿ ರೋಗ ಬಂದ ಮೇಲಲ್ಲ, ಮುಂದಿನ ಕೆಡಿಪಿ ಸಭೆಯಲ್ಲೇ. ಎರಡನೇ ಅಲೆಯ ಹೊತ್ತಿನಲ್ಲಿ, ಅದರ ನಂತರ ಆಸ್ಪತ್ರೆಗಳಿಗೆ ಪಿಎಸ್‌ಎ ಆಕ್ಸಿಜನ್ ಘಟಕಗಳು (ಅಲ್ಲೇ ಗಾಳಿಯಿಂದ ಆಕ್ಸಿಜನ್ ತಯಾರಿಸುವಂಥವು) ಬಂದವು. ನಿಮ್ಮ ತಾಲ್ಲೂಕಿನದು ಓಡುತ್ತಿದೆಯೇ, ನಿರ್ವಹಣಾ ಗುತ್ತಿಗೆ ಯಾವಾಗ ಮುಗಿಯುತ್ತದೆ, ನಡೆಸಲು ತರಬೇತಾದವರು ಎಷ್ಟು ಜನ, ಕರೆಂಟ್ ಹೋದರೆ ಜನರೇಟರ್ ಅದರ ಲೋಡ್ ಎಳೆಯುತ್ತದೆಯೇ ಎಂದು ಶಾಸಕರಿಂದ ಕೇಳಿಸಿ. ‘ಎಲ್ಲ ಸರಿ ಇದೆ ಸರ್’ ಎಂದರೆ ಘಟಕದ ಲಾಗ್ ಬುಕ್ ಸಭೆಗೆ ತರಿಸಿ, ಶುದ್ಧತೆಯ ಅಂಕಿ ಕೊನೆಯ ಸಲ ಬರೆದ ತಾರೀಖು ಯಾವುದು ನೋಡಿ.