ಧಾರಾವಾಹಿಯ ಅಪ್ಪ, ಮನೆಯ ಅಪ್ಪ

ಮಂಡ್ಯದಿಂದ ಒಬ್ಬ ತಾಯಿ ಬರೆದಿದ್ದಾರೆ: “ರಾತ್ರಿ ಊಟದ ಹೊತ್ತಿಗೆ ನಾನು ಮತ್ತು ಪ್ರಥಮ ಪಿಯುಸಿ ಓದುವ ಮಗ ಹಾಸ್ಯ ಧಾರಾವಾಹಿ ನೋಡುತ್ತೇವೆ. ಅದರಲ್ಲಿ ಸದಾ ಮಕ್ಕಳಿಂದ ಮೋಸಹೋಗುವ ಪೆದ್ದು ತಂದೆಯ ಹೆಸರು ಹಿಡಿದು ಇವನು ತನ್ನಪ್ಪನನ್ನು ಕರೆಯತೊಡಗಿದಾಗ ನಾನೂ ನಕ್ಕೆ. ಈಚೆಗೆ ಹಬ್ಬದೂಟದಲ್ಲಿ, ನನ್ನ ತವರಿನವರೆಲ್ಲರ ಎದುರಿಗೆ ಹಾಗೆಯೇ ಕರೆದ. ಯಜಮಾನರು ಎಲೆ ಬಿಟ್ಟು ಎದ್ದರು. ಅಂದಿನಿಂದ ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಮೂಲಕವೇ. ಎಸ್ಸೆಸ್ಸೆಲ್ಸಿಯಲ್ಲಿ ಇವನಿಗೆ ಗಣಿತದ ಅಂಕ ಕಡಿಮೆ ಬಂದುದನ್ನು ಅವರೂ ಅದೇ ತವರುಮನೆಯಲ್ಲಿ ಎಲ್ಲರ ಮುಂದೆ ಆಡಿದ್ದರು. ಟಿ.ವಿ. ನಿಲ್ಲಿಸಲೇ? ಯಾರ ಪರ ವಹಿಸಲಿ?”

ಟಿ.ವಿ. ನಿಲ್ಲಿಸಿ ಪ್ರಯೋಜನವಿಲ್ಲ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಉಳಿಯುವ ಸುಮಾರು 22 ನಿಮಿಷಗಳಲ್ಲಿ ಅಪ್ಪ ಮಕ್ಕಳ ಜಗಳ ಹುಟ್ಟಿ, ಕೆರಳಿ, ಇತ್ಯರ್ಥವಾಗಬೇಕು. ಮುಂದಿನ ಕಂತಿನಲ್ಲಿ ಅದರ ನೆನಪು ಯಾರಿಗೂ ಇರಬಾರದು. ಅಪ್ಪನಿಗೆ ಅವಮಾನವಾದಾಗಲೆಲ್ಲ ಎಷ್ಟೋ ಧಾರಾವಾಹಿಗಳಲ್ಲಿ ಮೊದಲೇ ಮುದ್ರಿಸಿಟ್ಟ ನಗು ಹಿನ್ನೆಲೆಯಲ್ಲಿ ಕೇಳಿಸುತ್ತದೆ. ನಿಮ್ಮ ಮನೆಯಲ್ಲಿ ಆ ನಗುವನ್ನು ಒದಗಿಸಿದವರು ನೀವು. ಕಟುವಾಯಿತೆನಿಸಿದರೆ ಮನ್ನಿಸಿ, ಆದರೆ ಮಗನಿಗೆ ಸಲುಗೆ ಸಿಕ್ಕಿದ್ದು ಅಲ್ಲಿಂದಲೇ.

ಮಾವನ ಮನೆಯ ಪಂಕ್ತಿಯಲ್ಲಿ ಅಳಿಯನಾದವನು ಹಾಸ್ಯದ ವಸ್ತುವಾಗುವುದರ ಭಾರ ಹದಿನಾರರ ಹುಡುಗನಿಗೆ ತಿಳಿದಿರಲಾರದು. ಅದನ್ನು ಗದರದೆ, ನಿಮ್ಮ ನಗುವಿನ ಪಾಲನ್ನೂ ಒಪ್ಪಿಕೊಂಡು, ನೀವೇ ಅವನಿಗೆ ಹೇಳಬೇಕು. ಆದರೆ ಪತ್ರದ ಕೊನೆಗೆ ನೀವು ಸೇರಿಸಿರುವ ಅಂಕಗಳ ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕದಲ್ಲಿಯೂ ಮಕ್ಕಳನ್ನು ಪರೀಕ್ಷೆಯ ಫಲಿತಾಂಶದಿಂದ ಅಳೆಯುವ ತಂದೆಯಿದ್ದಾನೆ; ಪ್ರೇಕ್ಷಕರು ನಗುವುದು ಆ ಅಳತೆಗೋಲನ್ನು ಕಂಡು. ನಿಮ್ಮ ಮಗ ಅದೇ ನೆಂಟರ ಮುಂದೆ, ತನಗೆ ಗೊತ್ತಿದ್ದ ಒಂದೇ ಆಯುಧದಿಂದ ಲೆಕ್ಕ ತೀರಿಸಿದ್ದಾನೆಂದು ನನ್ನ ಅನುಮಾನ. ಇದನ್ನು ಯಜಮಾನರ ಬಳಿ ಏಕಾಂತದಲ್ಲಿ ಪ್ರಸ್ತಾಪಿಸಿ. ಮಗನ ತಪ್ಪನ್ನು ಕಡಿಮೆ ಮಾಡಿ ತೋರಿಸಬೇಡಿ, ಅವರದನ್ನೂ ಹೇಳದೆ ಬಿಡಬೇಡಿ.

ಯಾರ ಪರವೂ ಬೇಡ. ಮೊದಲು ದೂತಿಯ ಕೆಲಸ ಬಿಡಿ. ಧಾರಾವಾಹಿಯ ತಾಯಿ ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತ ಇಬ್ಬರ ಮಾತನ್ನೂ ಸಾಗಿಸಿದರೆ ಕಥೆ ಬೆಳೆಯುತ್ತದೆ, ಮನೆಯಲ್ಲಿ ಹಾಗೆ ಮಾಡಿದರೆ ಮುನಿಸು ಬೆಳೆಯುತ್ತದೆ. “ಅವನು ಊಟಕ್ಕೆ ಬರುತ್ತಾನೋ ಕೇಳು” ಎಂದು ಯಜಮಾನರು ಇನ್ನೊಮ್ಮೆ ಅಂದಾಗ, “ಇಲ್ಲೇ ಕೂತಿದ್ದಾನೆ, ನೀವೇ ಕೇಳಿ” ಎಂದು ಹೇಳಿ, ಬಡಿಸುವ ಕೆಲಸ ಮುಂದುವರಿಸಿ.