ಮನುಷ್ಯರು ಕಚ್ಚಿದ ಗಾಯ: ಆಂಟಿಬಯೋಟಿಕ್ ಯಾವಾಗ, ಯಾವುದು, ಎಷ್ಟು ದಿನ?

ಪ್ರಶ್ನೆ: ಮೂರು ವರ್ಷದ ಮಗನ ತೋಳಿಗೆ ಆಟವಾಡುವಾಗ ಇನ್ನೊಂದು ಮಗು ಕಚ್ಚಿದೆ. ಹಲ್ಲಿನ ಗುರುತು ಕೆಂಪಗೆ ಮೂಡಿದೆ, ರಕ್ತ ಬಂದಿಲ್ಲ. ಆಂಟಿಬಯೋಟಿಕ್ ಸಿರಪ್ ಹಾಕಬೇಕೇ?

ಚರ್ಮ ಒಡೆದಿಲ್ಲದಿದ್ದರೆ ಬೇಡ. ಬ್ಯಾಕ್ಟೀರಿಯಾ ಒಳಗಿಳಿಯಲು ದಾರಿಯೇ ಇಲ್ಲದ ಕಡೆ ಸಿರಪ್ ಕೊಟ್ಟರೆ ಮಗುವಿಗೆ ಸಿಗುವುದು ಭೇದಿ ಮಾತ್ರ. ಸೋಪು ಹಚ್ಚಿ ತೊಳೆದು, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಟ್ಟರೆ ಸಾಕು. ಆದರೆ ‘ಒಡೆದಿಲ್ಲ’ ಎನ್ನುವ ಮೊದಲು ಒಳ್ಳೆಯ ಬೆಳಕಿನಲ್ಲಿ ಚರ್ಮವನ್ನು ತುಸು ಹಿಗ್ಗಿಸಿ ಒಂದೊಂದು ಹಲ್ಲಿನ ಗುರುತನ್ನೂ ನೋಡಿ. ಒಳಗೆ ಒದ್ದೆ ಹೊಳಪು ಕಂಡರೆ ಮೇಲ್ಪದರ ಕಿತ್ತಿದೆ ಎಂದೇ ಲೆಕ್ಕ.

ಕಿತ್ತಿದೆ, ಆದರೆ ರಕ್ತ ಒಸರಿಲ್ಲ ಎಂದಾದರೆ ಗಾಯ ಎಲ್ಲಿದೆ ಎಂಬುದು ಮುಖ್ಯ. ತೋಳು, ಬೆನ್ನು, ತೊಡೆಯಾದರೆ ತೊಳೆದು ಎರಡು-ಮೂರು ದಿನ ಕಾದು ನೋಡಬಹುದು. ಕೈ, ಪಾದ, ಮುಖ, ಗುಪ್ತಾಂಗ, ಕಿವಿ-ಮೂಗಿನ ಮೃದ್ವಸ್ಥಿಯ ಮೇಲಾದರೆ, ಅಥವಾ ಸಕ್ಕರೆ ಕಾಯಿಲೆ, ಗುಲ್ಮ (ಸ್ಪ್ಲೀನ್) ತೆಗೆದಿರುವುದು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಇಂಥದ್ದೇನಾದರೂ ಇದ್ದರೆ ಮುಂಜಾಗ್ರತೆಯ ಕೋರ್ಸ್ ಬಗ್ಗೆ ವೈದ್ಯರು ಯೋಚಿಸುತ್ತಾರೆ. ರಕ್ತ ಬಂದಿದ್ದರೆ ಎಲ್ಲಿ ಕಚ್ಚಿದ್ದರೂ ಕೋರ್ಸ್ ಬೇಕು.

ಇನ್ನೊಂದು ಮಾತು. ಮಗುವೇ ಕಚ್ಚಿದ್ದು ಎಂದಾಗಲೂ ವೈದ್ಯರು ಎರಡು ಕೋರೆಹಲ್ಲಿನ ಗುರುತುಗಳ ನಡುವಿನ ಅಂತರ ಅಳೆಯುವುದುಂಟು. 3 ಸೆಂ.ಮೀ. ದಾಟಿದ್ದರೆ ಅದು ದೊಡ್ಡವರ ಬಾಯಿ ಇರಬಹುದು. ಅಳತೆ ಮಾಡಿದರೆಂದು ಬೇಸರಿಸಬೇಡಿ, ಅದು ಮಗುವಿನ ರಕ್ಷಣೆಗೆ.

ಪ್ರಶ್ನೆ: ಜಗಳದಲ್ಲಿ ತಮ್ಮ ಎದುರಿನವನ ಬಾಯಿಗೆ ಗುದ್ದಿದ. ಬೆರಳಗೆಣ್ಣಿನ ಮೇಲೆ ಅರ್ಧ ಸೆಂ.ಮೀ. ಗಾಯ. ಎರಡು ದಿನದಿಂದ ಮನೆಯಲ್ಲಿ ಉಳಿದಿದ್ದ ಸೆಫಲೆಕ್ಸಿನ್ ನುಂಗುತ್ತಿದ್ದಾನೆ. ಈಗ ಕೈ ಊದಿದೆ, ಬೆರಳು ಚಾಚಿದರೆ ನೋವು. ಗಾಯ ಚಿಕ್ಕದೇ ಅಲ್ಲವೇ?

ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಚ್ಚಿದ ಗಾಯಗಳಲ್ಲೆಲ್ಲ ಹೆಚ್ಚು ಮೋಸ ಮಾಡುವುದು ಇದೇ.

ಮುಷ್ಟಿ ಬಿಗಿದಾಗ ಬೆರಳ ಬುಡದ ಕೀಲಿನ ಮೇಲೆ ಇರುವುದು ತೆಳ್ಳನೆಯ ಚರ್ಮ, ಅದರಡಿ ಬೆರಳನ್ನು ಎತ್ತುವ ಸ್ನಾಯುರಜ್ಜು, ಅದರಡಿ ಕೀಲಿನ ಪೊರೆ. ಹಲ್ಲು ಮೂರನ್ನೂ ಒಂದೇ ಏಟಿಗೆ ತೂರಬಲ್ಲದು. ಬೆರಳು ಬಿಚ್ಚಿದ ಕೂಡಲೇ ರಜ್ಜು ಮಣಿಕಟ್ಟಿನ ಕಡೆಗೆ ಜಾರುತ್ತದೆ, ರಜ್ಜಿನ ತೂತು ಚರ್ಮದ ತೂತಿಗೆ ಸರಿಹೊಂದದೆ ಮುಚ್ಚಿಹೋಗುತ್ತದೆ. ಎಂಜಲು ಕೀಲಿನೊಳಗೆ ಉಳಿಯುತ್ತದೆ, ಹೊರಗಿಂದ ಎಷ್ಟು ತೊಳೆದರೂ ನೀರು ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಗಾಯವನ್ನು ಮತ್ತೆ ಮುಷ್ಟಿ ಬಿಗಿಸಿ ನೋಡಬೇಕು. ಮುರಿದ ಹಲ್ಲಿನ ಚೂರು ಅಥವಾ ಎಲುಬಿನ ಬಿರುಕಿಗಾಗಿ ಎಕ್ಸ್-ರೇ ತೆಗೆಯಬೇಕು. ನಿಮ್ಮ ತಮ್ಮನ ಸ್ಥಿತಿಯಲ್ಲಿ ಗಾಯ ಬಿಚ್ಚಿ ಕೀಲು ತೊಳೆಯುವುದು, ರಕ್ತನಾಳದ ಮೂಲಕ ಆಂಪಿಸಿಲಿನ್-ಸಲ್ಬ್ಯಾಕ್ಟಮ್‌ನಂಥ ಔಷಧಿ, ಕೈಯನ್ನು ಎತ್ತರದಲ್ಲಿ ಇರಿಸಿ ಅಲುಗದಂತೆ ಕಟ್ಟುವುದು ಬೇಕಾಗಬಹುದು. ಕೀಲು ಅಥವಾ ಎಲುಬಿಗೆ ಸೋಂಕು ತಗುಲಿದ್ದರೆ ಚಿಕಿತ್ಸೆ ವಾರಗಟ್ಟಲೆ ಹೋಗುತ್ತದೆ. ಕೈಯ ಕಚ್ಚುಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ಮುಖದ ಗಾಯವನ್ನು ಮಾತ್ರ ಚೆನ್ನಾಗಿ ತೊಳೆದು ಹೊಲಿಯುವುದುಂಟು.

ಸೆಫಲೆಕ್ಸಿನ್ ಏಕೆ ಕೈಕೊಟ್ಟಿತು? ಬಾಯಿಯಲ್ಲಿ ಐಕೆನೆಲ್ಲಾ ಕೊರೊಡೆನ್ಸ್ ಎಂಬ ಬ್ಯಾಕ್ಟೀರಿಯಾ ಇದೆ. ಸೆಫಲೆಕ್ಸಿನ್, ಕ್ಲಾಕ್ಸಾಸಿಲಿನ್, ಎರಿತ್ರೊಮೈಸಿನ್, ಕ್ಲಿಂಡಾಮೈಸಿನ್, ಮೆಟ್ರೊನಿಡಜೋಲ್ ಇವುಗಳನ್ನು ನೆಚ್ಚಿ ಅದನ್ನು ಕೊಲ್ಲಲಾಗದು. ಹುಣ್ಣು-ಕುರುವಿಗೆ ಸಾಮಾನ್ಯವಾಗಿ ಬರೆಯುವ ಮಾತ್ರೆಗಳೇ ಇಲ್ಲಿ ಸೋಲುತ್ತವೆ. ಅದರ ಜೊತೆಗೆ ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್, ಆಮ್ಲಜನಕವಿಲ್ಲದೆ ಬದುಕುವ ಹಲವು ಬ್ಯಾಕ್ಟೀರಿಯಾಗಳೂ ಇರುತ್ತವೆ.

ಪ್ರಶ್ನೆ: ಹಾಗಾದರೆ ಯಾವ ಮಾತ್ರೆ? ಅಮಾಕ್ಸಿಸಿಲಿನ್ ಒಂದೇ ಸಾಲದೇ?

ಸಾಲದು. ಸ್ಟ್ಯಾಫಿಲೊಕಾಕಸ್ ಮತ್ತು ಕೆಲವು ಆಮ್ಲಜನಕರಹಿತ ಬ್ಯಾಕ್ಟೀರಿಯಾಗಳು ಅಮಾಕ್ಸಿಸಿಲಿನ್ ಅನ್ನು ಕತ್ತರಿಸುವ ಕಿಣ್ವ ತಯಾರಿಸುತ್ತವೆ. ಆ ಕಿಣ್ವವನ್ನು ತಡೆಯುವ ಕ್ಲಾವುಲನಿಕ್ ಆಮ್ಲ ಸೇರಿದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮೊದಲ ಆಯ್ಕೆ. ದೊಡ್ಡವರಿಗೆ ಸಾಮಾನ್ಯ ಪ್ರಮಾಣ 625 ಮಿ.ಗ್ರಾಂ. ಮಾತ್ರೆ ದಿನಕ್ಕೆ ಮೂರು ಸಲ. ಸೋಂಕು ಇನ್ನೂ ಕಾಣಿಸದಿದ್ದರೆ 3 ದಿನ. ಕಾಣಿಸಿದ್ದರೆ 5 ದಿನ, ಬೇಕಾದರೆ 7.

ಇಲ್ಲೊಂದು ಲೆಕ್ಕದ ಬಲೆ. 625ರಲ್ಲಿ ಇರುವುದು 500 ಅಮಾಕ್ಸಿಸಿಲಿನ್, 125 ಕ್ಲಾವುಲನೇಟ್. 375ರಲ್ಲಿ 250 ಮತ್ತು ಅದೇ 125. ಒಂದು 625 ಸಿಗಲಿಲ್ಲವೆಂದು ಎರಡು 375 ನುಂಗಿದರೆ ಕ್ಲಾವುಲನೇಟ್ ಇಮ್ಮಡಿಯಾಗಿ ಹೊಟ್ಟೆ ಕೆಡುತ್ತದೆ. ಊಟದ ಮೊದಲ ತುತ್ತಿನ ಜೊತೆ ನುಂಗಿದರೆ ವಾಕರಿಕೆ ಕಡಿಮೆ. ಈ ಔಷಧಿಯಿಂದ ಹಿಂದೆ ಕಾಮಾಲೆ ಆಗಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಮಕ್ಕಳ ಪ್ರಮಾಣ ತೂಕದ ಮೇಲೆ: ಅಮಾಕ್ಸಿಸಿಲಿನ್ ಅಂಶ ಕಿಲೋಗೆ ದಿನಕ್ಕೆ 25ರಿಂದ 45 ಮಿ.ಗ್ರಾಂ., ಎರಡು ಪಾಲು ಮಾಡಿ. 12 ಕಿಲೋ ಮಗುವಿಗೆ, 5 ಮಿ.ಲೀ.ನಲ್ಲಿ 200 ಮಿ.ಗ್ರಾಂ. ಅಮಾಕ್ಸಿಸಿಲಿನ್ ಇರುವ ಸಿರಪ್ ಆದರೆ 5 ಮಿ.ಲೀ. ಬೆಳಿಗ್ಗೆ, 5 ಮಿ.ಲೀ. ರಾತ್ರಿ. ಒಂದೊಂದು ಬಾಟಲಿಯ ಸಾಂದ್ರತೆ ಬೇರೆ, ಆದ್ದರಿಂದ ‘ಒಂದು ಚಮಚ’ ಎಂಬ ಲೆಕ್ಕ ಬಿಟ್ಟು ವೈದ್ಯರು ಬರೆದ ಮಿ.ಲೀ.ಯನ್ನು ಸಿರಿಂಜಿನಲ್ಲಿ ಅಳೆಯಿರಿ. ಪುಡಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ, ಕುಲುಕಿ, ಫ್ರಿಜ್‌ನಲ್ಲಿಡಿ. ಏಳು ದಿನದ ಮೇಲೆ ಉಳಿದದ್ದನ್ನು ಚೆಲ್ಲಿ.

ಪ್ರಶ್ನೆ: ನನಗೆ ಪೆನ್ಸಿಲಿನ್ ಅಲರ್ಜಿ. ಏನು ಮಾಡಲಿ?

ಮೊದಲು ಅದು ಅಲರ್ಜಿಯೇ ಎಂದು ಖಚಿತವಾಗಲಿ. ಮೈಮೇಲೆ ದದ್ದು, ಮುಖ ಊದುವುದು, ಉಸಿರು ಕಟ್ಟುವುದು ಅಲರ್ಜಿ. ಬರೀ ಭೇದಿ ಅಲ್ಲ. ನಿಜವಾದ ಅಲರ್ಜಿ ಇದ್ದರೆ ದೊಡ್ಡವರಿಗೆ ಡಾಕ್ಸಿಸೈಕ್ಲಿನ್ ಮೊದಲ ದಿನ 200 ಮಿ.ಗ್ರಾಂ., ಆಮೇಲೆ ದಿನಕ್ಕೆ 100. ಜೊತೆಗೆ ಮೆಟ್ರೊನಿಡಜೋಲ್ 400 ಮಿ.ಗ್ರಾಂ. ದಿನಕ್ಕೆ ಮೂರು ಸಲ. ಐಕೆನೆಲ್ಲಾವನ್ನು ಮೊದಲನೆಯದು ನೋಡಿಕೊಳ್ಳುತ್ತದೆ, ಆಮ್ಲಜನಕರಹಿತ ಬ್ಯಾಕ್ಟೀರಿಯಾಗಳನ್ನು ಎರಡನೆಯದು. ಒಂದನ್ನೇ ತೆಗೆದುಕೊಂಡರೆ ಅರ್ಧ ಕೆಲಸ. ಡಾಕ್ಸಿಸೈಕ್ಲಿನ್ ನುಂಗಿ ಒಂದು ಲೋಟ ನೀರು ಕುಡಿಯಿರಿ, ಅರ್ಧ ಗಂಟೆ ಮಲಗಬೇಡಿ. ಇಲ್ಲದಿದ್ದರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗುತ್ತದೆ. ಮೆಟ್ರೊನಿಡಜೋಲ್ ಇರುವಷ್ಟು ದಿನ ಮದ್ಯ ಬೇಡ. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಸಲ್ಲದು. ಹನ್ನೆರಡಕ್ಕಿಂತ ಚಿಕ್ಕ ಮಕ್ಕಳಿಗೆ ಬದಲಿಯಾಗಿ ಕೋ-ಟ್ರೈಮಾಕ್ಸಜೋಲ್ ಬಳಸುವುದುಂಟು.

ಪ್ರಶ್ನೆ: ಟಿಟಿ ಬೇಕೇ? ಎಚ್‌ಐವಿ ಭಯ ಇದೆಯೇ?

ಚರ್ಮ ಒಡೆದಿದ್ದು, ಕೊನೆಯ ಟೆಟನಸ್ ಡೋಸ್ ಆಗಿ 5 ವರ್ಷ ದಾಟಿದ್ದರೆ ಒಂದು ಬೂಸ್ಟರ್ ಹಾಕಿಸಿ. ಕಡಿತದಲ್ಲಿ ಎಚ್‌ಐವಿಗಿಂತ ಹೆಚ್ಚು ಯೋಚಿಸಬೇಕಾದದ್ದು ಹೆಪಟೈಟಿಸ್-ಬಿ. ಲಸಿಕೆ ಆಗಿರದಿದ್ದರೆ ಕೂಡಲೇ ಶುರು ಮಾಡಬೇಕು. ಕಚ್ಚಿದವರಿಗೆ ಸೋಂಕು ಇರುವುದು ಗೊತ್ತಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಅನ್ನು ಆದಷ್ಟೂ 24 ಗಂಟೆಯೊಳಗೆ ಕೊಡುತ್ತಾರೆ. ರಕ್ತ ಬೆರೆಯದ ಬರೀ ಎಂಜಲಿನಿಂದ ಎಚ್‌ಐವಿ ಹರಡುವುದಿಲ್ಲ. ಬಾಯಲ್ಲಿ ರಕ್ತವಿದ್ದ ಸೋಂಕಿತರು ಆಳವಾಗಿ ಕಚ್ಚಿದ್ದರೆ ತಡೆ ಔಷಧಿಯನ್ನು 72 ಗಂಟೆಯೊಳಗೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಗಾಯದ ರಕ್ತ ಕಚ್ಚಿದವರ ಬಾಯಿಗೂ ಹೋಗಿರುತ್ತದೆ, ಹಾಗಾಗಿ ಅವರನ್ನೂ ಪರೀಕ್ಷೆಗೆ ಕರೆತನ್ನಿ.